ಗಣಕವೇ ಮೋಡೆಮ್ ಆದಾಗ

1990ರ ದಶಕದ ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮೋಡೆಮ್ ಕೇಳಿದರೆ ಎರಡು ಬಗೆಯ ಸರಕು ಹೊರಬರುತ್ತಿತ್ತು. ಒಂದು, ಸಾಲು ದೀಪಗಳಿದ್ದ ಡಬ್ಬಿ. ಅದಕ್ಕೆ ಬೇರೆಯೇ ಅಡಾಪ್ಟರ್, ಹಿಂದುಗಡೆ ಸೀರಿಯಲ್ ಕೇಬಲ್. ಇನ್ನೊಂದು, ಅಂಗೈಯಗಲದ ಪಿಸಿಐ ಕಾರ್ಡ್. ಆ ಕಾರ್ಡಿನ ಮೇಲೆ ಕಣ್ಣಾಡಿಸಿದರೆ ಅರ್ಧಕ್ಕರ್ಧ ಜಾಗ ಖಾಲಿ. ನಡುವೆ ಒಂದು ದೊಡ್ಡ ಚಿಪ್, ಅದರ ಪಕ್ಕ ಒಂದು ಪುಟ್ಟ ಚಿಪ್, ಒಂದು ರಿಲೇ, ಅಂಚಿನಲ್ಲಿ ದೂರವಾಣಿ ತಂತಿ ಚುಚ್ಚುವ ಎರಡು ಕಿಂಡಿ. ಎರಡಕ್ಕೂ ಬೆಲೆಯಲ್ಲಿ ಅಜಗಜಾಂತರ. ಆದರೆ ಎರಡರ ಪೆಟ್ಟಿಗೆಯ ಮೇಲೂ ಒಂದೇ ಬರಹ: 56ಕೆ, ಡೇಟಾ, ಫ್ಯಾಕ್ಸ್, ವಾಯ್ಸ್. ಕಾರ್ಡಿನಲ್ಲಿ ಇಲ್ಲದ ಚಿಪ್‌ಗಳ ಕೆಲಸವನ್ನು ಮಾಡುತ್ತಿದ್ದದ್ದು ಗಣಕದ ಪ್ರೊಸೆಸರ್.

ಈ ಜಾತಿಯ ಮೋಡೆಮ್‌ಗೆ ಹೆಸರುಗಳು ಹಲವು: ಸಾಫ್ಟ್ ಮೋಡೆಮ್, ಹೋಸ್ಟ್ ಮೋಡೆಮ್, ಎಚ್‌ಎಸ್‌ಪಿ ಮೋಡೆಮ್. ಜನರ ಬಾಯಲ್ಲಿ ಉಳಿದದ್ದು ವಿನ್‌ಮೋಡೆಮ್. ಅದು ಯುಎಸ್ ರೋಬೋಟಿಕ್ಸ್ ಕಂಪನಿಯ ಟ್ರೇಡ್‌ಮಾರ್ಕ್. ಆದರೂ ವಿಂಡೋಸ್ ಬಿಟ್ಟು ಬೇರೆಲ್ಲೂ ನಡೆಯದ ಮೋಡೆಮ್‌ಗಳಿಗೆಲ್ಲ ಅದೇ ಹೆಸರು ಅಂಟಿಕೊಂಡಿತು. ಲೈನ್ ಕಟ್ಟಾದರೂ ಫ್ಯಾಕ್ಸ್ ಅರ್ಧಕ್ಕೆ ನಿಂತರೂ ದೂರು ಬರುತ್ತಿದ್ದದ್ದು ಈ ಅಗ್ಗದ ಕಾರ್ಡಿನ ಮೇಲೆ. ಆ ಕೆಟ್ಟ ಹೆಸರಿನಲ್ಲಿ ಅರ್ಧ ಅನ್ಯಾಯದ್ದು ಎಂಬುದು ನನ್ನ ನಿಲುವು. ಲೆಕ್ಕ ಮಾಡುವ ಶಕ್ತಿ ಗಣಕಕ್ಕೆ ಧಾರಾಳವಾಗಿತ್ತು. ಎಡವಿದ್ದು ಎರಡು ಕಡೆ: ಹೊತ್ತಿಗೆ ಸರಿಯಾಗಿ ಲೆಕ್ಕ ಒಪ್ಪಿಸುವುದರಲ್ಲಿ, ಮತ್ತು ಆ ಲೆಕ್ಕದ ತಂತ್ರಾಂಶವನ್ನು ಯಾರೂ ತೆರೆದು ನೋಡದಂತೆ ಬೀಗ ಹಾಕಿಟ್ಟದ್ದರಲ್ಲಿ. ಡೇಟಾ, ಫ್ಯಾಕ್ಸ್, ಧ್ವನಿ ಈ ಮೂರೂ ಕರೆಗಳು ಕಾಲದ ವಿಷಯದಲ್ಲಿ ಮೂರು ಬಗೆಯ ಹಟ ಹಿಡಿಯುತ್ತವೆ. ಅದನ್ನು ಬಿಡಿಸಿ ನೋಡದೆ ಹೋಸ್ಟ್ ಮೋಡೆಮ್ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡಲಾಗದು.

ಮೊದಲು ಮೋಡೆಮ್‌ನ ಒಳಗನ್ನು ನೋಡೋಣ. ಹಳೆಯ ಡಬ್ಬಿ ಮೋಡೆಮ್‌ನಲ್ಲಿ ಮೂರು ಅಂತಸ್ತು. ತಂತಿಗೆ ಹತ್ತಿರದ್ದು ಲೈನಿನ ಅಂತಸ್ತು: ರಿಸೀವರ್ ಎತ್ತಿದಂತೆ ಮಾಡುವ ರಿಲೇ, ರಿಂಗ್ ಗುರುತಿಸುವ ಸರ್ಕ್ಯೂಟ್, ದೂರವಾಣಿ ತಂತಿಗೂ ಗಣಕಕ್ಕೂ ವಿದ್ಯುತ್ ಸಂಪರ್ಕವಿಲ್ಲದಂತೆ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್, ಸದ್ದನ್ನು ಅಂಕಿಯಾಗಿ ಅಂಕಿಯನ್ನು ಸದ್ದಾಗಿ ಬದಲಿಸುವ ಕೋಡೆಕ್. ಅದರ ಮೇಲೆ ಡೇಟಾಪಂಪ್; ಬಿಟ್‌ಗಳನ್ನು ಸದ್ದಿನ ಅಲೆಗಳಾಗಿ ಕಟ್ಟುವ, ಬಂದ ಅಲೆಗಳಿಂದ ಬಿಟ್‌ಗಳನ್ನು ಬಿಡಿಸುವ ಡಿಎಸ್‌ಪಿ ಚಿಪ್. ಎಲ್ಲಕ್ಕಿಂತ ಮೇಲೆ ಕಂಟ್ರೋಲರ್. 1981ರ ಹೇಸ್ ಸ್ಮಾರ್ಟ್‌ಮೋಡೆಮ್‌ನಿಂದ ಬಂದ ಎಟಿ ಆಜ್ಞೆಗಳನ್ನು ಓದುವುದು, ತಪ್ಪಿದ ಡೇಟಾ ಮತ್ತೆ ಕಳಿಸುವ ವಿ.42, ಡೇಟಾ ಕುಗ್ಗಿಸುವ ವಿ.42ಬಿಸ್ ಎಲ್ಲ ಅದರ ಪಾಲಿಗೆ.

ಮೊದಲು ತೆಗೆದದ್ದು ಕಂಟ್ರೋಲರನ್ನು. ಲೂಸೆಂಟ್ ಕಂಪನಿಯ ಹೆಸರುವಾಸಿ ಎಲ್‌ಟಿ ವಿನ್‌ಮೋಡೆಮ್ ಈ ಬಗೆಯದು: ಡಿಎಸ್‌ಪಿ ಕಾರ್ಡಿನಲ್ಲೇ ಇತ್ತು, ಕಂಟ್ರೋಲರ್‌ನ ಪಾರುಪತ್ಯ ಮಾತ್ರ ಗಣಕಕ್ಕೆ ಬಂತು. ಕೊನೆಕ್ಸೆಂಟ್‌ನವರು ಇದನ್ನೇ ಎಚ್‌ಸಿಎಫ್ ಎಂದರು. ಇನ್ನೊಂದು ಹೆಜ್ಜೆ ಮುಂದೆ ಹೋದದ್ದು ಪಿಸಿಟೆಲ್, ಮೋಟೊರೋಲಾದ ಎಸ್‌ಎಂ56, ಸ್ಮಾರ್ಟ್ ಲಿಂಕ್, ಕೊನೆಕ್ಸೆಂಟ್‌ನ ಎಚ್‌ಎಸ್‌ಎಫ್. ಇವುಗಳಲ್ಲಿ ಡೇಟಾಪಂಪೂ ಗಣಕದ ಹೆಗಲಿಗೆ ಬಿತ್ತು. ಕಾರ್ಡಿನಲ್ಲಿ ಉಳಿದದ್ದು ಕೋಡೆಕ್ ಮತ್ತು ಲೈನಿನ ಸರ್ಕ್ಯೂಟ್ ಅಷ್ಟೇ. ಮುಂದೆ ಎಎಂಆರ್, ಸಿಎನ್‌ಆರ್ ಎಂಬ ಮದರ್‌ಬೋರ್ಡ್ ಕಿಂಡಿಗಳು, ಲ್ಯಾಪ್‌ಟಾಪಿನ ಎಂಡಿಸಿ ತುಣುಕುಗಳು ಬಂದಾಗ ಮೋಡೆಮ್ ಎನ್ನುವುದು ಸೌಂಡ್ ಚಿಪ್‌ನ ಬಾಲವಾಗಿಬಿಟ್ಟಿತು. ಅದೇ ಹೊತ್ತಿಗೆ ಸಿಲಿಕಾನ್ ಲ್ಯಾಬ್ಸ್ ಸಂಸ್ಥೆ ಟ್ರಾನ್ಸ್‌ಫಾರ್ಮರ್ ಬದಲು ಕೆಪಾಸಿಟರ್‌ಗಳಿಂದ ತಂತಿಯನ್ನು ಬೇರ್ಪಡಿಸುವ ಜೋಡಿ ಚಿಪ್‌ಗಳನ್ನು ತಂದಿತ್ತು. ಕಾರ್ಡ್ ಅಷ್ಟು ಬೋಳಾಗಿ ಕಂಡದ್ದಕ್ಕೆ ಅದೂ ಕಾರಣ. ಮಲೆನಾಡಿನಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗು ಶುರುವಾದರೆ ಮೊದಲು ಮೋಡೆಮ್‌ನ ತಂತಿ ಕೀಳುವುದು ವಾಡಿಕೆಯಾಗಿತ್ತಲ್ಲ, ಸಿಡಿಲು ಮೊದಲು ಬಲಿ ತೆಗೆದುಕೊಳ್ಳುತ್ತಿದ್ದದ್ದು ಈ ಲೈನಿನ ಅಂತಸ್ತನ್ನೇ. ಅದನ್ನು ತಂತ್ರಾಂಶಕ್ಕೆ ಬದಲಿಸುವ ಉಪಾಯ ಯಾರಿಗೂ ಹೊಳೆಯುವಂಥದ್ದಲ್ಲ.

ಈಗ ಲೆಕ್ಕಕ್ಕೆ ಬರೋಣ. ದೂರವಾಣಿ ಜಾಲ ನಮ್ಮ ಸದ್ದನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತದೆ. ಒಂದೊಂದು ಅಳತೆಗೆ ಒಂದು ಸ್ಯಾಂಪಲ್ ಎಂದು ಹೆಸರು. 200 ಮೆಗಾಹರ್ಟ್ಜ್ ಪೆಂಟಿಯಂಗೆ ಒಂದು ಸ್ಯಾಂಪಲ್‌ನಿಂದ ಇನ್ನೊಂದು ಬರುವುದರೊಳಗೆ 25,000 ಬಡಿತಗಳ ಬಿಡುವು ಸಿಗುತ್ತದೆ. ಮೋಡೆಮ್‌ನ ಕಷ್ಟದ ಕೆಲಸಗಳಲ್ಲೊಂದು ಪ್ರತಿಧ್ವನಿ ಅಳಿಸುವುದು. ವಿ.32 ಎಂಬ ನಿಯಮದ ಮತ್ತು ಅದರ ಮುಂದಿನ ಮೋಡೆಮ್‌ಗಳು ಒಂದೇ ಜೋಡಿ ತಂತಿಯಲ್ಲಿ, ಒಂದೇ ಕಂಪನಾಂಕದ ಪಟ್ಟಿಯಲ್ಲಿ, ಏಕಕಾಲಕ್ಕೆ ಮಾತಾಡುತ್ತವೆ, ಕೇಳುತ್ತವೆ. ತನ್ನ ದನಿಯೇ ತನ್ನ ಕಿವಿಗೆ ಜೋರಾಗಿ ಬರುವುದರಿಂದ ಅದನ್ನು ಕಳೆದ ಮೇಲೆಯೇ ಆಚೆಯವರ ದನಿ ಕೇಳಿಸುವುದು. ಇನ್ನೂರು ಗುಣಕಗಳ ಫಿಲ್ಟರ್ ಇಟ್ಟುಕೊಂಡರೆ, ಸೋಸಲು ಇನ್ನೂರು ಗುಣಾಕಾರ, ಗುಣಕಗಳನ್ನು ತಿದ್ದಲು ಇನ್ನೂರು, ಸ್ಯಾಂಪಲ್‌ಗೆ ನಾನೂರು. 25,000 ಬಡಿತಗಳ ಬಿಡುವಿನಲ್ಲಿ ಇದು ದೊಡ್ಡದೇನಲ್ಲ. ಟ್ರೆಲಿಸ್ ಸಂಕೇತ ಬಿಡಿಸುವುದು, ಲೈನಿನ ವಕ್ರತೆ ತಿದ್ದುವುದು ಎಲ್ಲ ಸೇರಿದರೂ ಎಂಎಂಎಕ್ಸ್ ಇದ್ದ ಪೆಂಟಿಯಂ ಹೊತ್ತುಕೊಳ್ಳಬಹುದಾದ ಭಾರವೇ. ಪ್ರೊಸೆಸರ್ ವರ್ಷವರ್ಷವೂ ಚುರುಕಾಗುತ್ತಿತ್ತು. ದೂರವಾಣಿ ತಂತಿ ಮಾತ್ರ ಇದ್ದಲ್ಲೇ ಇತ್ತು. ಕಾರ್ಡ್ ಮಾಡುವವರು ಎಣಿಸಿದ್ದು ಇದನ್ನೇ, ಎಣಿಕೆ ತಪ್ಪಿರಲಿಲ್ಲ.

ತೊಡಕು ಇದ್ದದ್ದು ಬೇರೆ ಕಡೆ. ಡಿಎಸ್‌ಪಿ ಚಿಪ್‌ಗೆ ಆ ಒಂದೇ ಕೆಲಸ. ಗಣಕದ ಪ್ರೊಸೆಸರ್‌ಗೆ ಅದು ನೂರೊಂದರಲ್ಲಿ ಒಂದು. ಕೋಡೆಕ್ ಸ್ಯಾಂಪಲ್‌ಗಳನ್ನು ಮೆಮೊರಿಯ ಒಂದು ವರ್ತುಲ ಬಫರ್‌ಗೆ ತುಂಬುತ್ತ ಹೋಗುತ್ತದೆ. ಇನ್ನೊಂದು ಬಫರ್‌ನಿಂದ ತೆಗೆದು ತಂತಿಗೆ ಸುರಿಯುತ್ತದೆ. ಕೆಲವು ಮಿಲಿಸೆಕೆಂಡಿಗೊಮ್ಮೆ ಇಂಟರಪ್ಟ್ ಕೊಟ್ಟು ಪ್ರೊಸೆಸರನ್ನು ಕರೆಯುತ್ತದೆ. ಕರೆದಾಗ ಅದು ಬಂದು, ಬಂದದ್ದನ್ನು ಓದಿ, ಮುಂದಿನ ಕಂತಿನ ಅಲೆಯನ್ನು ಸಿದ್ಧಮಾಡಿ ಇಟ್ಟು ಹೋಗಬೇಕು. ಮದುವೆ ಮನೆಯ ಪಂಕ್ತಿಯಲ್ಲಿ ಸಾರು ಬಡಿಸುವವನು ಎಲೆಯಲ್ಲಿ ಅನ್ನ ಮುಗಿಯುವ ಮುಂಚೆ ಮತ್ತೆ ಬರಬೇಕಲ್ಲ, ಹಾಗೆ. ದೊಡ್ಡ ಬಫರ್ ಇಟ್ಟರೆ ತಡವಾಗಿ ಬಂದರೂ ನಡೆಯುತ್ತದೆ, ಆದರೆ ಎದುರಿನ ಮೋಡೆಮ್‌ಗೆ ಉತ್ತರ ಹೋಗುವುದೂ ಅಷ್ಟೇ ತಡ. ಚಿಕ್ಕ ಬಫರ್ ಇಟ್ಟರೆ ಉತ್ತರ ಚುರುಕು. ಡಿಸ್ಕಿನ ಡ್ರೈವರೋ ವಿಡಿಯೊ ಕಾರ್ಡಿನ ಡ್ರೈವರೋ ಒಂದು ಕ್ಷಣ ಪ್ರೊಸೆಸರನ್ನು ಹಿಡಿದಿಟ್ಟುಕೊಂಡರೆ ತಂತಿಯಲ್ಲಿ ಸದ್ದೇ ನಿಂತುಹೋಗುತ್ತದೆ.

ಆ ಕಾಲದಲ್ಲಿ ಇದನ್ನು ಗಂಭೀರವಾಗಿ ಅಳೆದವರಿದ್ದರು. ಇಂಟೆಲ್‌ನ ಎರಿಕ್ ಕೋಟಾ-ರೋಬ್ಲೆಸ್ ಮತ್ತು ಜೇಮ್ಸ್ ಹೆಲ್ಡ್ 1999ರಲ್ಲಿ ವಿಂಡೋಸ್ 98 ಮತ್ತು ವಿಂಡೋಸ್ ಎನ್‌ಟಿಗಳ ತಡವನ್ನು ಹೋಲಿಸಿ ಪ್ರಬಂಧ ಬರೆದರು. ಸಾಫ್ಟ್ ಮೋಡೆಮ್ ಅವರ ಮುಖ್ಯ ಉದಾಹರಣೆಗಳಲ್ಲೊಂದು. ಎನ್‌ಟಿ ಕೊಟ್ಟ ಭರವಸೆಯನ್ನು 98 ಕೊಡಲಾರದೆ ಹೋಯಿತು. ಮನೆಮನೆಯಲ್ಲಿ ಇದ್ದದ್ದೋ 98! 2001ರಲ್ಲಿ ಮೈಕೆಲ್ ಜೋನ್ಸ್ ಮತ್ತು ಸ್ಟೀಫನ್ ಸಾರೊಯು ಎಂಬಿಬ್ಬರು ಸಾಫ್ಟ್ ಮೋಡೆಮ್‌ಗೆ ನಿಜವಾಗಿ ಎಷ್ಟು ಕಾಲನಿಷ್ಠೆ ಬೇಕು ಎಂಬುದನ್ನೇ ವಿಷಯವಾಗಿಟ್ಟುಕೊಂಡು ಅಧ್ಯಯನ ಮಾಡಿದರು. ಡ್ರೈವರ್ ತನ್ನ ಭಾರೀ ಲೆಕ್ಕವನ್ನು ಇಂಟರಪ್ಟ್‌ನ ಒಳಗೇ ಮಾಡಿ ಮುಗಿಸುತ್ತಿತ್ತು. ಅಂದರೆ ತಾನು ಬದುಕಲು ಉಳಿದವರೆಲ್ಲರ ಸರದಿ ತಪ್ಪಿಸುತ್ತಿತ್ತು. ಅಷ್ಟು ದಬ್ಬಾಳಿಕೆಯ ಅಗತ್ಯವಿಲ್ಲ, ಕಾಲ ಕಾದಿರಿಸಿದ ಸಾಮಾನ್ಯ ಥ್ರೆಡ್‌ನಲ್ಲೂ ಈ ಕೆಲಸ ನಡೆಯುತ್ತದೆ ಎಂದು ಅವರು ತೋರಿಸಿದರು. ಈ ಎರಡು ಕೆಲಸಗಳನ್ನು ಓದಿದ ಮೇಲೆ ಸಾಫ್ಟ್ ಮೋಡೆಮ್ ಎಂದರೆ ಬರೀ ಚಿಲ್ಲರೆ ಉಳಿತಾಯ ಎನ್ನುವ ಮಾತಿಗೆ ನಾನು ತಲೆದೂಗಲಾರೆ. ಸಾಮಾನ್ಯ ಗಣಕ ಕಾಲಕ್ಕೆ ಕಟ್ಟುಬೀಳಬಲ್ಲದೇ ಎಂಬ ಗಟ್ಟಿ ಪ್ರಶ್ನೆಯನ್ನು ಮನೆಯ ಮೇಜಿನ ಮೇಲೆ ತಂದಿಟ್ಟದ್ದೇ ಈ ಕಾರ್ಡು.

ಇನ್ನು ಆ ಮೂರು ಕರೆಗಳ ಹಟವನ್ನು ನೋಡೋಣ. ಡೇಟಾ ಕರೆಯಿಂದ ಶುರುಮಾಡೋಣ. ಕರೆ ಸೇರಿದಾಗ ಕೇಳುತ್ತಿದ್ದ ಆ ಕಿರುಚಾಟದಲ್ಲಿ ಪ್ರತಿಯೊಂದು ಸದ್ದಿಗೂ ಅರ್ಥವಿತ್ತು. ಉತ್ತರಿಸುವ ಮೋಡೆಮ್ ಮೊದಲು 2100 ಹರ್ಟ್ಜ್ ಸ್ವರ ಹೊರಡಿಸುತ್ತದೆ. ಸುಮಾರು 450 ಮಿಲಿಸೆಕೆಂಡಿಗೊಮ್ಮೆ ಆ ಅಲೆ ತಲೆಕೆಳಗಾಗುತ್ತದೆ. ಜಾಲದಲ್ಲಿ ಜನರ ಮಾತಿಗಾಗಿ ಇಟ್ಟಿರುವ ಪ್ರತಿಧ್ವನಿ ನಿವಾರಕಗಳು ಅದನ್ನು ಕೇಳಿ ಸುಮ್ಮನಾಗುತ್ತವೆ. ಆಮೇಲೆ ವಿ.8 ಪ್ರಕಾರ ನಿನಗೆ ಏನೇನು ಬರುತ್ತದೆ, ನನಗೆ ಏನೇನು ಬರುತ್ತದೆ ಎಂಬ ವಿಚಾರಣೆ. ವಿ.34 ಆದರೆ 150 ಹರ್ಟ್ಜ್ ಅಂತರದಲ್ಲಿ ಜೋಡಿಸಿದ ಸ್ವರಗಳ ಗುಚ್ಛವನ್ನು ಕಳಿಸಿ ಲೈನನ್ನು ತಟ್ಟಿ ನೋಡಿ, ಸೆಕೆಂಡಿಗೆ 2400ರಿಂದ 3429 ಸಂಕೇತಗಳವರೆಗಿನ ಆರು ವೇಗಗಳಲ್ಲಿ ಯಾವುದು ಈ ತಂತಿಗೆ ಹೊಂದುತ್ತದೆಂದು ನಿಶ್ಚಯ. ಕಡೆಗೆ ಬುಸ್ಸೆನ್ನುವ ಸದ್ದಿನಲ್ಲಿ ಫಿಲ್ಟರ್‌ಗಳ ತಾಲೀಮು. ಇಷ್ಟೂ ಗಣಕದೊಳಗಿನ ಒಂದು ಡ್ರೈವರ್ ಕಡತದ ಕೆಲಸ. ಮೋಡೆಮ್ ತಗುಲಿಸಿದಾಗ ವಿಂಡೋಸ್‌ನಲ್ಲಿ ಮೂಡುತ್ತಿದ್ದ ಕಾಮ್3 ಪೋರ್ಟ್, ಅದರ ಎದುರಿನ 115200 ಎಂಬ ವೇಗ ಎರಡೂ ತೋರಿಕೆಯವು. ಅಲ್ಲಿ ಸೀರಿಯಲ್ ಪೋರ್ಟೂ ಇರಲಿಲ್ಲ, ಆ ವೇಗಕ್ಕೆ ಅರ್ಥವೂ ಇರಲಿಲ್ಲ. ಹಳೆಯ ಪ್ರೋಗ್ರಾಂಗಳಿಗೆ ಗಾಬರಿಯಾಗದಿರಲೆಂದು ಡ್ರೈವರ್ ಇಲ್ಲದ ಪೋರ್ಟನ್ನು ನಟಿಸುತ್ತಿತ್ತು.

1998ರ ವಿ.90 ಇನ್ನೊಂದು ಷರತ್ತು ತಂದಿತು. ಸೇವೆ ಕೊಡುವವರ ತುದಿ ಜಾಲಕ್ಕೆ ಡಿಜಿಟಲ್ ಆಗಿಯೇ ಜೋಡಿಸಿರಬೇಕು, ದಾರಿಯಲ್ಲಿ ಸದ್ದು-ಅಂಕಿ ಪರಿವರ್ತನೆ ಒಂದೇ ಸಲ ಆಗಬೇಕು. ಆಗ ನಮ್ಮ ಮೋಡೆಮ್ ಎಕ್ಸ್‌ಚೇಂಜಿನ 8,000 ಹರ್ಟ್ಜ್ ಗಡಿಯಾರಕ್ಕೆ ತನ್ನ ಗಡಿಯಾರ ಕೂಡಿಸಿಕೊಂಡು, ಬಂದ ಒಂದೊಂದು ವೋಲ್ಟೇಜ್ ಮಟ್ಟವನ್ನೂ ಇಂಥದೇ ಅಂಕಿ ಎಂದು ಊಹಿಸುತ್ತದೆ. ಕರ್ನಾಟಕದ ಮಟ್ಟಿಗೆ ಡಿಜಿಟಲ್ ಎಕ್ಸ್‌ಚೇಂಜಿನ ಕಥೆಗೆ ಒಂದು ಹೆಮ್ಮೆಯ ಪುಟವಿದೆ: ಸಿ-ಡಾಟ್ ಎಂಬ ಸರ್ಕಾರಿ ದೂರಸಂಪರ್ಕ ಸಂಸ್ಥೆಯ 128 ಪೋರ್ಟ್‌ಗಳ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ಕಿತ್ತೂರಿನಲ್ಲಿ. ಆದರೆ ಊರಿನ ಎಕ್ಸ್‌ಚೇಂಜ್ ಡಿಜಿಟಲ್ ಆದರಷ್ಟೇ ಸಾಲದು. ಅಲ್ಲಿಂದ ಇಂಟರ್ನೆಟ್ ಸೇವೆಯವರ ಕೇಂದ್ರದವರೆಗಿನ ದಾರಿಯಲ್ಲಿ ಎಲ್ಲಾದರೂ ಒಂದು ಅನಲಾಗ್ ಕೊಂಡಿ ಇದ್ದರೆ 56ಕೆ ಎಂಬುದು ಪೆಟ್ಟಿಗೆಯ ಮೇಲೆಯೇ ಉಳಿಯುತ್ತದೆ, ಕರೆ 33.6 ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕ ಇಂಟರ್ನೆಟ್ ಆರಂಭಿಸಿದ ಮೇಲಿನ ವರ್ಷಗಳಲ್ಲಿ ಜಿಲ್ಲಾ ಕೇಂದ್ರಗಳಲ್ಲೂ ಸಣ್ಣ ಊರುಗಳಲ್ಲೂ ಜನ ಮೋಡೆಮ್ ಬದಲಿಸಿ ಬದಲಿಸಿ ನೋಡಿದ್ದರ ಹಿಂದೆ ಬಹಳ ಸಲ ಇದ್ದ ಕಾರಣ ಈ ದಾರಿಯದು, ಕಾರ್ಡಿನದಲ್ಲ.

ಗಣಕ ಒಂದು ಕಂತು ತಪ್ಪಿಸಿದರೆ ಡೇಟಾ ಕರೆಗೆ ಏನಾಗುತ್ತದೆ? ಕೆಲವು ಸ್ಯಾಂಪಲ್‌ಗಳು ಕಳೆದುಹೋದರೆ ಆ ಹೊತ್ತಿನ ಬಿಟ್‌ಗಳು ಹಾಳಾಗುತ್ತವೆ, ವಿ.42 ಅವನ್ನು ಮತ್ತೆ ತರಿಸಿಕೊಳ್ಳುತ್ತದೆ, ಬಳಸುವವರಿಗೆ ಪುಟ ಸ್ವಲ್ಪ ತಡವಾಗಿ ಬಂದಂತೆ ತೋರುತ್ತದೆ. ಆದರೆ ಕಳಿಸಿದ ಸ್ಯಾಂಪಲ್‌ಗೂ ಕೇಳಿದ ಸ್ಯಾಂಪಲ್‌ಗೂ ಇದ್ದ ಹೊಂದಾಣಿಕೆಯೇ ಜಾರಿದರೆ ಪ್ರತಿಧ್ವನಿ ಫಿಲ್ಟರ್ ಕಲಿತದ್ದೆಲ್ಲ ವ್ಯರ್ಥ. ತಾಲೀಮು ಮೊದಲಿನಿಂದ. ಕೆಲವು ಸೆಕೆಂಡು ಎಲ್ಲ ಸ್ತಬ್ಧ, ಆಮೇಲೆ ಮತ್ತೆ ಡೇಟಾ ಹರಿಯುತ್ತದೆ. ಜಾಣ ಡ್ರೈವರ್ ಕಳೆದುಹೋದ ಸ್ಯಾಂಪಲ್‌ಗಳ ಸಂಖ್ಯೆ ಎಣಿಸಿ, ಅಷ್ಟೇ ಖಾಲಿ ತುಂಬಿ, ಹೊಂದಾಣಿಕೆ ಕಾಪಾಡಿಕೊಳ್ಳುತ್ತಿತ್ತು. ಒಟ್ಟಿನಲ್ಲಿ ಡೇಟಾ ಕರೆ ಕ್ಷಮಾಗುಣದ್ದು. ಹೋಸ್ಟ್ ಮೋಡೆಮ್ ಸಾಮಾನ್ಯ ಬಳಕೆಗೆ ಸಾಕೆನಿಸಿದ್ದು ಈ ಗುಣದಿಂದ.

ಫ್ಯಾಕ್ಸ್‌ಗೆ ಆ ಗುಣವಿಲ್ಲ. ಹೋಸ್ಟ್ ಮೋಡೆಮ್‌ನ ನಿಜವಾದ ಪರೀಕ್ಷೆ ನಡೆಯುತ್ತಿದ್ದದ್ದು ಇಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಫ್ಯಾಕ್ಸ್ ಯಂತ್ರಗಳು ಒಂದಾದ ಮೇಲೊಂದು ಮಾತಾಡುತ್ತವೆ. ಕರೆ ಮಾಡಿದ ಯಂತ್ರ 1100 ಹರ್ಟ್ಜ್ ಸ್ವರವನ್ನು ಅರ್ಧ ಸೆಕೆಂಡ್ ಹೊರಡಿಸಿ ಮೂರು ಸೆಕೆಂಡ್ ಸುಮ್ಮನಿರುತ್ತದೆ, ಮತ್ತೆ ಹೊರಡಿಸುತ್ತದೆ. ಎತ್ತಿಕೊಂಡ ಯಂತ್ರ 2100 ಹರ್ಟ್ಜ್‌ನಲ್ಲಿ ಉತ್ತರಿಸಿ, ತನ್ನ ಸಾಮರ್ಥ್ಯದ ಪಟ್ಟಿಯನ್ನು ಡಿಐಎಸ್ ಎಂಬ ಚೌಕಟ್ಟಿನಲ್ಲಿ ಸೆಕೆಂಡಿಗೆ 300 ಬಿಟ್‌ಗಳ ನಿಧಾನದ ಭಾಷೆಯಲ್ಲಿ ಹೇಳುತ್ತದೆ. ಕಳಿಸುವ ಯಂತ್ರ ಡಿಸಿಎಸ್ ಚೌಕಟ್ಟಿನಲ್ಲಿ ಹೀಗೆ ಕಳಿಸುತ್ತೇನೆ ಎನ್ನುತ್ತದೆ. ಅದಾದ ಮೇಲೆ 75 ಮಿಲಿಸೆಕೆಂಡ್ ಮೌನ. ಇಪ್ಪತ್ತು ಹೆಚ್ಚು, ಇಪ್ಪತ್ತು ಕಡಿಮೆ ಇರಬಹುದು, ಅದಕ್ಕಿಂತ ಆಚೀಚೆ ಆಗಕೂಡದು ಎನ್ನುತ್ತದೆ ಟಿ.30 ನಿಯಮ. ಆಮೇಲೆ ಪುಟದ ವೇಗದಲ್ಲಿ ಒಂದೂವರೆ ಸೆಕೆಂಡ್ ಸೊನ್ನೆಗಳ ಸುರಿಮಳೆ. ಅದನ್ನು ಸರಿಯಾಗಿ ಕೇಳಿಸಿಕೊಂಡರೆ ಎದುರಿನ ಯಂತ್ರ ಒಪ್ಪಿಗೆ ಕೊಡುತ್ತದೆ. ಇಲ್ಲದಿದ್ದರೆ ವೇಗ ಇಳಿಸು ಎನ್ನುತ್ತದೆ. ಪುಟ ಮುಗಿದ ಮೇಲೆ ಮತ್ತೆ ಮೌನ, ಮತ್ತೆ 300ರ ಭಾಷೆ, ಮತ್ತೆ ಉತ್ತರಕ್ಕೆ ಕಾಯುವುದು. ಮೂರು ಸಲ ಕೇಳಿ ಉತ್ತರ ಬರದಿದ್ದರೆ ಕರೆ ಮುಗಿಯಿತು.

ಗಣಕದಲ್ಲಿ ಈ ಸಂಭಾಷಣೆಯ ಸೂತ್ರ ಯಾರ ಕೈಯಲ್ಲಿರಬೇಕು ಎಂಬುದಕ್ಕೆ ಎರಡು ಪದ್ಧತಿಗಳಿದ್ದವು. ಕ್ಲಾಸ್ 2.0ರಲ್ಲಿ ಟಿ.30ರ ವ್ಯವಹಾರವನ್ನು ಮೋಡೆಮ್ಮೇ ನೋಡಿಕೊಳ್ಳುತ್ತದೆ. ಪ್ರೋಗ್ರಾಂ ಪುಟ ಒಪ್ಪಿಸಿದರೆ ಸಾಕು. ಕ್ಲಾಸ್ 1ರಲ್ಲಿ ಮೋಡೆಮ್ ಬರೀ ಬಾಯಿ-ಕಿವಿ. ಯಾವಾಗ ಮಾತಾಡಬೇಕು, ಯಾವಾಗ ಕೇಳಬೇಕು ಎಂಬುದನ್ನು ಫ್ಯಾಕ್ಸ್ ಪ್ರೋಗ್ರಾಂ ಪ್ರತಿ ಹೆಜ್ಜೆಗೂ ಆಜ್ಞೆ ಕೊಟ್ಟು ಹೇಳಬೇಕು. ಅಗ್ಗದ ಮೋಡೆಮ್‌ಗಳಲ್ಲಿ ಕ್ಲಾಸ್ 1 ಇದ್ದೇ ಇರುತ್ತಿತ್ತು. ಉದಾಹರಣೆಗೆ, 'ಎಟಿ+ಎಫ್‌ಟಿಎಸ್=8' ಎಂದರೆ ಹತ್ತು ಮಿಲಿಸೆಕೆಂಡಿನ ಎಂಟು ಕಂತು, ಅಂದರೆ 80 ಮಿಲಿಸೆಕೆಂಡ್ ಮೌನವಾಗಿರು ಎಂದು. ಅದು ಮುಗಿದು ಮೋಡೆಮ್ 'ಓಕೆ' ಎನ್ನಬೇಕು, ಪ್ರೋಗ್ರಾಂ ಅದನ್ನು ಓದಬೇಕು, 'ಈಗ 14,400ರ ವೇಗದಲ್ಲಿ ಶುರುಮಾಡು' ಎಂಬ ಮುಂದಿನ ಆಜ್ಞೆ ಬರೆಯಬೇಕು, ಡ್ರೈವರ್ ಅದನ್ನು ಓದಿ ಅಲೆ ಹೊರಡಿಸಬೇಕು. ನಿಯಮ ಬಿಟ್ಟುಕೊಡುವ ಮೇಲಿನ ಮಿತಿ 95. ಉಳಿದದ್ದು ಹದಿನೈದು ಮಿಲಿಸೆಕೆಂಡ್! ಹೋಸ್ಟ್ ಮೋಡೆಮ್‌ನಲ್ಲಿ ಬಫರ್‌ನ ತಡವೂ ಇದಕ್ಕೆ ಸೇರುತ್ತದೆ. ಸದ್ಯ, ಬಹುಪಾಲು ಫ್ಯಾಕ್ಸ್ ಯಂತ್ರಗಳು ನಿಯಮಕ್ಕಿಂತ ಉದಾರವಾಗಿದ್ದವು. ಇಲ್ಲದಿದ್ದರೆ ವಿಂಡೋಸ್ 98ರಿಂದ ಹೋಗುವ ಫ್ಯಾಕ್ಸ್‌ಗಳಲ್ಲಿ ಎಷ್ಟು ತಲುಪುತ್ತಿದ್ದವೋ.

ಪುಟ ಹೋಗುತ್ತಿರುವಾಗಿನ ಕಥೆ ಇನ್ನೂ ಸೂಕ್ಷ್ಮ. ಪುಟದ ಅಗಲಕ್ಕೆ 1,728 ಚುಕ್ಕೆ. ಒಂದೊಂದು ಸಾಲನ್ನೂ ಕುಗ್ಗಿಸಿ, ಕೊನೆಗೆ ಹನ್ನೊಂದು ಸೊನ್ನೆ ಮತ್ತೊಂದು ಒಂದು ಸೇರಿದ ಗುರುತು ಹಾಕಿ ಕಳಿಸುತ್ತಾರೆ. ಫ್ಯಾಕ್ಸ್ ಪ್ರೋಗ್ರಾಂ ಮುಂದಿನ ಸಾಲು ಒದಗಿಸಲು ತಡಮಾಡಿದರೆ ಹೆದರಬೇಕಿಲ್ಲ, ಸಾಲಿನ ಕಾಲಮಿತಿಯೊಳಗೆ ಆ ಗುರುತಿನ ಮುಂಚೆ ಸೊನ್ನೆಗಳನ್ನು ತುಂಬುತ್ತ ಹೋಗಬಹುದು. ಎದುರಿನ ಯಂತ್ರ ತಾಳ್ಮೆಯಿಂದ ಕಾಯುತ್ತದೆ. ಬಿಟ್‌ಗಳ ಕೊರತೆಗೆ ಹೀಗೆ ಪರಿಹಾರವಿದೆ. ಸ್ಯಾಂಪಲ್‌ಗಳ ಕೊರತೆಗೆ ಇಲ್ಲ. ಡ್ರೈವರ್ ಸಮಯಕ್ಕೆ ಅಲೆ ಕಟ್ಟಿಕೊಡದಿದ್ದರೆ ತಂತಿಯಲ್ಲಿ ಕ್ಯಾರಿಯರ್, ಅಂದರೆ ಬಿಟ್‌ಗಳನ್ನು ಹೊತ್ತ ಅಲೆ, ತುಂಡಾಗುತ್ತದೆ. ಎದುರಿನ ಯಂತ್ರದ ಹಿಡಿತ ಜಾರಿದರೆ ಪುಟದ ಉಳಿದ ಭಾಗ ಮಸಿ ಚೆಲ್ಲಿದಂತೆ ಬರುತ್ತದೆ, ಇಲ್ಲವೇ ಕರೆಯೇ ಬೀಳುತ್ತದೆ. ಮತ್ತೆ ತಾಲೀಮು ಮಾಡೋಣವೆಂದು ಕೇಳಲು ಪುಟದ ನಡುವೆ ಹಿಮ್ಮುಖ ದಾರಿಯೇ ಇಲ್ಲ. ಇಸಿಎಂ ಎಂಬ ದೋಷ ತಿದ್ದುವ ಪದ್ಧತಿ ಎರಡೂ ಕಡೆ ಇದ್ದರೆ ಪುಟ 256 ಚೌಕಟ್ಟುಗಳ ಕಟ್ಟಾಗಿ ಹೋಗುತ್ತದೆ, ಕೆಟ್ಟ ಚೌಕಟ್ಟುಗಳನ್ನಷ್ಟೇ ಮತ್ತೆ ಕೇಳಬಹುದು. ಹೋಸ್ಟ್ ಮೋಡೆಮ್‌ಗೆ ಇಸಿಎಂ ಬಲು ದೊಡ್ಡ ಆಸರೆ. ಅದನ್ನು ಆಫ್ ಮಾಡಿಟ್ಟ ಕಚೇರಿಗಳಲ್ಲಿ ಗೆರೆ ಬಿದ್ದ ಪುಟಗಳ ಗೋಳು ಹೆಚ್ಚು. ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಕಾಣದ ಶತ್ರುವಿತ್ತು: ಬ್ಯಾಟರಿ ಉಳಿಸಲು, ಫ್ಯಾನ್ ನೋಡಿಕೊಳ್ಳಲು ಬಯಾಸ್ ಆಗಾಗ ಪ್ರೊಸೆಸರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅದು ವಿಂಡೋಸ್‌ಗೂ ತಿಳಿಯದು, ಡ್ರೈವರ್‌ಗೂ ತಿಳಿಯದು. ಫ್ಯಾಕ್ಸ್ ಬಿದ್ದಾಗ ಕಾರಣ ಹುಡುಕುವವರ ಪಾಡು ಊಹಿಸಿಕೊಳ್ಳಿ.

ಫ್ಯಾಕ್ಸ್ ಎಂದರೆ ಹೊರಗಿನಿಂದ ಬರುವುದೂ ಹೌದು. ಗಣಕ ಆರಿಸಿದ್ದರೆ ಹೋಸ್ಟ್ ಮೋಡೆಮ್‌ಗೆ ಕಿವಿಯೇ ಇಲ್ಲ. ಕೆಲವು ಹೊರಗಿನ ಮೋಡೆಮ್‌ಗಳು ಸ್ವಂತ ಮೆಮೊರಿ ಇಟ್ಟುಕೊಂಡು ರಾತ್ರಿ ಬಂದ ಫ್ಯಾಕ್ಸ್‌ಗಳನ್ನು ಬೆಳಗಿನವರೆಗೆ ಕಾಪಿಡುತ್ತಿದ್ದವು. ಕಾರ್ಡಿಗೆ ಆ ಭಾಗ್ಯವಿಲ್ಲ. ರಿಂಗ್ ಬಂದಾಗ ಮಲಗಿದ ಗಣಕವನ್ನು ಎಬ್ಬಿಸುವ ಸೌಲಭ್ಯವಿತ್ತಾದರೂ, ವಿಂಡೋಸ್ ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ಕರೆ ಮಾಡಿದವರ ತಾಳ್ಮೆ ಮುಗಿದಿರುವ ಸಂಭವ ಹೆಚ್ಚು.

ಇನ್ನು ಧ್ವನಿ. ಹೋಸ್ಟ್ ಮೋಡೆಮ್ ಸಹಜವಾಗಿ ಗೆಲ್ಲಬೇಕಿದ್ದ ಕ್ಷೇತ್ರ ಇದು. ಡಬ್ಬಿ ಮೋಡೆಮ್‌ನಲ್ಲಿ ಮಾತು ಸೀರಿಯಲ್ ಕೇಬಲ್‌ನಲ್ಲಿ ಹಾದು ಬರಬೇಕು. ಅದೇ ಕೇಬಲ್‌ನಲ್ಲಿ ಆಜ್ಞೆ, ಸೂಚನೆಗಳೂ ಬರಬೇಕು. ಅದಕ್ಕಾಗಿ ಡಿಎಲ್‌ಇ ಎಂಬ ವಿಶೇಷ ಅಕ್ಷರದ ಕಟ್ಟಳೆ ಮಾಡಿದರು. 'ಎಟಿ+ಎಫ್‌ಕ್ಲಾಸ್=8' ಎಂದು ಧ್ವನಿಯ ಅವಸ್ಥೆಗೆ ಹೋದ ಮೇಲೆ, ಹರಿಯುವ ಧ್ವನಿಯ ನಡುವೆ ಡಿಎಲ್‌ಇ ಬಂದು ಅದರ ಹಿಂದೆ 'ಬಿ' ಬಂದರೆ ಲೈನ್ ಎಂಗೇಜ್, 'ಡಿ' ಬಂದರೆ ಡಯಲ್ ಟೋನ್, 'ಸಿ' ಬಂದರೆ ಅತ್ತ ಕಡೆ ಫ್ಯಾಕ್ಸ್ ಯಂತ್ರ, 'ಯು' ಬಂದರೆ ನೀನು ಧ್ವನಿ ಒದಗಿಸುವುದು ತಡವಾಯಿತು. ಧ್ವನಿಯಲ್ಲೇ ಆ ಅಕ್ಷರ ಬಂದರೆ ಎರಡು ಸಲ ಬರೆಯಬೇಕು. ಕೇಬಲ್ ಇಕ್ಕಟ್ಟಾದ್ದರಿಂದ ಮಾತನ್ನು ಎಡಿಪಿಸಿಎಂನಲ್ಲಿ ಕುಗ್ಗಿಸುವುದೂ ಇತ್ತು. ಹೋಸ್ಟ್ ಮೋಡೆಮ್‌ನಲ್ಲಿ ಈ ತಾಪತ್ರಯ ಯಾವುದೂ ಬೇಕಿರಲಿಲ್ಲ. ಸ್ಯಾಂಪಲ್‌ಗಳು ಆಗಲೇ ಗಣಕದ ಮೆಮೊರಿಯಲ್ಲಿವೆ. ಹಾಗೇ ಕಡತಕ್ಕೆ ಬರೆದರೆ ಆನ್ಸರಿಂಗ್ ಮೆಷಿನ್ ಆಯಿತು, ಸೌಂಡ್ ಕಾರ್ಡಿಗೆ ಕೊಟ್ಟರೆ ಸ್ಪೀಕರ್ ಫೋನ್. ಮಾತಿನ ನಡುವೆ ಹತ್ತು ಮಿಲಿಸೆಕೆಂಡ್ ಕಳೆದುಹೋದರೆ ಚಿಟ್ ಎಂಬ ಸದ್ದು, ಅಷ್ಟೇ, ಕಿವಿ ಸಹಿಸುತ್ತದೆ. ಕಿವಿ ಸಹಿಸದಿರುವುದು ತಡವನ್ನು. ಒಂದು ದಿಕ್ಕಿಗೆ 150 ಮಿಲಿಸೆಕೆಂಡಿಗಿಂತ ಹೆಚ್ಚಾದರೆ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ಸುಮ್ಮನಾಗತೊಡಗುತ್ತಾರೆ.

ಗುಂಡಿ ಒತ್ತಿದ್ದನ್ನು ಗುರುತಿಸುವ ಕೆಲಸ ನೋಡಿದರೆ ಈ ವಿಧಾನದ ಸೊಗಸು ಕಾಣುತ್ತದೆ. ದೂರವಾಣಿಯಲ್ಲಿ 5 ಒತ್ತಿದರೆ 770 ಮತ್ತು 1336 ಹರ್ಟ್ಜ್ ಸ್ವರಗಳು ಜೊತೆಗೂಡಿ ಹೊರಡುತ್ತವೆ. ಗರ್ಟ್ಸೆಲ್ ಎಂಬವರ 1958ರ ಗಣಿತ ವಿಧಾನದಲ್ಲಿ, ಬೇಕಾದ ಒಂದೊಂದು ಸ್ವರಕ್ಕೂ ಸ್ಯಾಂಪಲ್‌ಗೆ ಒಂದು ಗುಣಾಕಾರ, ಎರಡು ಕೂಡು-ಕಳೆಯುವಿಕೆ ಸಾಕು. ಸಾಮಾನ್ಯವಾಗಿ 205 ಸ್ಯಾಂಪಲ್‌ಗಳ ಕಂತು ತೆಗೆದುಕೊಳ್ಳುತ್ತಾರೆ, ಅಂದರೆ ಸುಮಾರು 25.6 ಮಿಲಿಸೆಕೆಂಡ್. ಕಂತಿನ ಕೊನೆಗೆ ಎಂಟು ಸ್ವರಗಳಲ್ಲಿ ಯಾವ ಎರಡರ ಬಲ ಹೆಚ್ಚಿದೆ ಎಂದು ನೋಡಿದರೆ ಒತ್ತಿದ ಗುಂಡಿ ಸಿಕ್ಕಿತು. ಇದೇ ಲೆಕ್ಕವನ್ನು 1100 ಹರ್ಟ್ಜ್‌ಗೆ ತಿರುಗಿಸಿದರೆ ಫ್ಯಾಕ್ಸ್, 1300ಕ್ಕೆ ತಿರುಗಿಸಿದರೆ ಡೇಟಾ ಮೋಡೆಮ್‌ನ ಕರೆ. ಒಂದೇ ಲೈನಿಗೆ ಮೂರೂ ಬಗೆಯ ಕರೆ ಬರುವ ಮನೆಯಲ್ಲಿ ಗಣಕ ರಿಸೀವರ್ ಎತ್ತಿ, ಮುದ್ರಿತ ಸ್ವಾಗತ ನುಡಿಸುತ್ತಲೇ ಹಿನ್ನೆಲೆಯಲ್ಲಿ ಈ ಸ್ವರಗಳಿಗೆ ಕಿವಿಗೊಟ್ಟಿರುತ್ತದೆ. ಕೇಳಿದರೆ ಆಯಾ ದಾರಿಗೆ ತಿರುಗಿಸುತ್ತದೆ, ಏನೂ ಕೇಳದಿದ್ದರೆ ಮನುಷ್ಯರ ಕರೆ ಎಂದುಕೊಳ್ಳುತ್ತದೆ. ಹಳೆಯ ಫ್ಯಾಕ್ಸ್ ಯಂತ್ರಗಳಲ್ಲಿ ಕೈಯಿಂದ ಡಯಲ್ ಮಾಡಿದಾಗ 1100ರ ಸ್ವರ ಬರುತ್ತಲೇ ಇರಲಿಲ್ಲವಾದ್ದರಿಂದ ಈ ಜಾಣತನ ಅಲ್ಲಲ್ಲಿ ಸೋಲುತ್ತಿತ್ತು.

ನಮ್ಮ ದೇಶದ ಸ್ವರಗಳ ವಿಷಯ ಹೇಳಲೇಬೇಕು. ನಮ್ಮ ಡಯಲ್ ಟೋನ್ 400 ಹರ್ಟ್ಜ್‌ನದು, ಅದರ ಮೇಲೆ 25 ಹರ್ಟ್ಜ್‌ನ ಕಂಪನ ಹೊದಿಸಿದೆ. ಅಮೆರಿಕದ್ದು 350 ಮತ್ತು 440ರ ಜೋಡಿ. ದೇಶ ಅಮೆರಿಕ ಎಂದು ಬಿಟ್ಟ ಮೋಡೆಮ್ ನಮ್ಮ ಲೈನ್ ಎತ್ತಿ, ಕಿವಿಗೆ ಬಿದ್ದದ್ದು ಡಯಲ್ ಟೋನ್ ಎಂದು ತಿಳಿಯದೆ 'ನೋ ಡಯಲ್‌ಟೋನ್' ಎಂದು ಇಟ್ಟುಬಿಡುತ್ತಿತ್ತು. ಬಹಳ ಜನ 'ಎಟಿಎಕ್ಸ್3' ಎಂದು ಬರೆದು, ಟೋನ್‌ಗೆ ಕಾಯದೆ ಡಯಲ್ ಮಾಡು ಎಂದು ಹೇಳಿ ಪಾರಾಗುತ್ತಿದ್ದರು. ಸರಿಯಾದ ಮದ್ದು ಭಾರತದ ಸಂಖ್ಯೆ 53 ಕೊಟ್ಟು 'ಎಟಿ+ಜಿಸಿಐ=53' ಎನ್ನುವುದು. ಕಾಲರ್ ಐಡಿಯದ್ದೂ ಇದೇ ಕತೆ. ಅಮೆರಿಕದಲ್ಲಿ ಅದು ಮೊದಲ ಮತ್ತು ಎರಡನೆಯ ರಿಂಗಿನ ನಡುವೆ ಮೋಡೆಮ್ ಸದ್ದಾಗಿ ಬರುತ್ತದೆ. ನಮ್ಮಲ್ಲಿ ಬಹುಪಾಲು ಎಕ್ಸ್‌ಚೇಂಜ್‌ಗಳು ಅದನ್ನು ಗುಂಡಿ ಒತ್ತಿದ ಸ್ವರಗಳಾಗಿಯೇ ಕಳಿಸುತ್ತಿದ್ದವು. ಗಟ್ಟಿ ಚಿಪ್‌ನಲ್ಲಿ ಕೆತ್ತಿದ ಮೋಡೆಮ್‌ಗೆ ಇದನ್ನು ಕಲಿಸುವುದು ಕಷ್ಟ. ಹೋಸ್ಟ್ ಮೋಡೆಮ್‌ಗೆ ಡ್ರೈವರ್‌ನಲ್ಲಿ ಒಂದು ಪುಟ ಸೇರಿಸಿದರೆ ಆಯಿತು. ಆ ಪುಟ ಸೇರಿಸುವ ಅಧಿಕಾರ ಯಾರಿಗಿತ್ತು ಎಂಬುದೇ ಮುಂದಿನ ಪ್ರಶ್ನೆ.

ಆ ಅಧಿಕಾರ ಚಿಪ್ ಮಾಡಿದವರನ್ನು ಬಿಟ್ಟರೆ ಯಾರಿಗೂ ಇರಲಿಲ್ಲ. ಲಿನಕ್ಸ್ ಬಳಸುವವರು ಇದನ್ನು ಮೊದಲು ಅನುಭವಿಸಿದರು. ಡಬ್ಬಿ ಮೋಡೆಮ್ ಎಟಿ ಆಜ್ಞೆ ಬಲ್ಲ ಯಾವ ವ್ಯವಸ್ಥೆಗೂ ಒಗ್ಗುತ್ತದೆ. ಹೋಸ್ಟ್ ಮೋಡೆಮ್‌ನಲ್ಲಿ ಡ್ರೈವರೇ ಮೋಡೆಮ್, ಡ್ರೈವರ್ ಇಲ್ಲದಿದ್ದರೆ ಕಾರ್ಡು ಬರೀ ಹಲಗೆ. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ ಲಿನ್‌ಮೋಡೆಮ್ ಎಂಬ ಮುಕ್ತ ತಂತ್ರಾಂಶಕ್ಕೆ ಕೈಹಾಕಿದ. ಆದರೆ ವಿ.34, ವಿ.90ರ ಡೇಟಾಪಂಪ್ ಬರೆಯುವುದು ಒಬ್ಬಿಬ್ಬರ ಬಿಡುವಿನ ಕೆಲಸವಲ್ಲ, ಜೊತೆಗೆ ಪೇಟೆಂಟ್‌ಗಳ ಬೇಲಿ ಬೇರೆ. ಕಂಪನಿಗಳು ಕೊಟ್ಟದ್ದು ನಡುವೆ ಮುಚ್ಚಿದ ಗಂಟು, ಸುತ್ತ ತೆರೆದ ಹೊದಿಕೆ ಇದ್ದ ಡ್ರೈವರ್‌ಗಳು. ಕೊನೆಕ್ಸೆಂಟ್ ಚಿಪ್‌ಗಳಿಗೆ ಲಿನಕ್ಸಂಟ್ ಎಂಬ ಕಂಪನಿ ಕೊಡುತ್ತಿದ್ದ ಉಚಿತ ಆವೃತ್ತಿ 14.4ರ ವೇಗಕ್ಕೆ ನಿಲ್ಲುತ್ತಿತ್ತು, ಫ್ಯಾಕ್ಸ್ ಇಲ್ಲ; ಪೂರ್ತಿ ಬೇಕಾದರೆ ಹಣ. ಇದೇ ಡ್ರೈವರ್‌ನಿಂದ 2004ರಲ್ಲಿ ದೊಡ್ಡ ರಂಪವಾಯಿತು. ಮುಚ್ಚಿದ ಡ್ರೈವರ್ ಸೇರಿಸಿದರೆ ಲಿನಕ್ಸ್ ಕರ್ನಲ್ ಎಚ್ಚರಿಕೆ ಕೊಡುತ್ತದೆ. ಲಿನಕ್ಸಂಟ್‌ನವರು ಪರವಾನಗಿಯ ಜಾಗದಲ್ಲಿ ಮುಕ್ತ ತಂತ್ರಾಂಶದ ಪರವಾನಗಿಯಾದ 'ಜಿಪಿಎಲ್' ಎಂದು ಬರೆದು, ಅದರ ಹಿಂದೆ ಒಂದು ಸೊನ್ನೆ ಬೈಟ್ ಇಟ್ಟು, ಆಮೇಲೆ ಇದು ಜಿಪಿಎಲ್ ಎಂಬ ಫೋಲ್ಡರಿನ ಕಡತಗಳಿಗಷ್ಟೇ ಎಂಬ ಅರ್ಥದ ಮಾತು ಸೇರಿಸಿದ್ದರು. ಸಿ ಭಾಷೆಯಲ್ಲಿ ಸೊನ್ನೆ ಬೈಟ್ ಬಂದರೆ ಓದು ಮುಗಿಯಿತು. ಕರ್ನಲ್ ಓದಿದ್ದು ಮೊದಲ ಪದವನ್ನಷ್ಟೇ. ಮತ್ತೆ ಮತ್ತೆ ಬರುವ ಎಚ್ಚರಿಕೆಯಿಂದ ಬಳಕೆದಾರರಿಗೆ ಗೊಂದಲವಾಗುತ್ತದೆ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ನನಗೆ ಆ ಸಮಜಾಯಿಷಿ ಒಪ್ಪಿಗೆಯಿಲ್ಲ. ಗೊಂದಲಕ್ಕಿಂತ ಮರೆಮಾಚುವುದು ಕೆಟ್ಟದ್ದು.

ಉದ್ಯಮದೊಳಗೂ ಈ ಕೆಲಸ ಯಾರ ಹಿಡಿತದಲ್ಲಿರಬೇಕೆಂಬ ಜಗಳವಿತ್ತು. ಸದ್ದು, ಮೋಡೆಮ್ ಮುಂತಾದ ಕಾಲಬದ್ಧ ಕೆಲಸಗಳನ್ನು ಪ್ರೊಸೆಸರ್‌ನಲ್ಲೇ ಮಾಡಿಸುವ ಎನ್‌ಎಸ್‌ಪಿ ಯೋಜನೆಯನ್ನು ಇಂಟೆಲ್ 1995ರಲ್ಲಿ ಮುಂದಿಟ್ಟಾಗ ಮೈಕ್ರೊಸಾಫ್ಟ್ ಅಡ್ಡಬಂದಿತು, ಇಂಟೆಲ್ ಹಿಂದೆ ಸರಿಯಿತು. ಮೈಕ್ರೊಸಾಫ್ಟ್ ಮೇಲಿನ 1998ರ ಏಕಸ್ವಾಮ್ಯ ಮೊಕದ್ದಮೆಯಲ್ಲಿ ಇಂಟೆಲ್‌ನ ಸ್ಟೀವನ್ ಮೆಕ್‌ಗೀಡಿ ಇದನ್ನು ಸಾಕ್ಷಿಯಾಗಿ ಹೇಳಿದರು.

ಇಂಥ ಕೆಲಸವನ್ನು ತಂತ್ರಾಂಶದಲ್ಲೇ ಮಾಡುವ ವಿಚಾರ ಮಾತ್ರ ಸಾಯಲಿಲ್ಲ. ಇಂದು ವಾಟ್ಸ್‌ಆ್ಯಪ್ ಕರೆಯಲ್ಲಿ ಪ್ರತಿಧ್ವನಿ ಅಳಿಸುವುದು ಫೋನಿನ ತಂತ್ರಾಂಶ. ಸ್ಟೀವ್ ಅಂಡರ್‌ವುಡ್ ಕಟ್ಟಿದ ಸ್ಪ್ಯಾನ್‌ಡಿಎಸ್‌ಪಿ ಎಂಬ ಮುಕ್ತ ತಂತ್ರಾಂಶ ಲೈಬ್ರರಿಯಲ್ಲಿ ಪುಟ ಸಾಗಿಸುವ ವಿ.17ರ ಅಲೆ ಕಟ್ಟುವುದರಿಂದ ಹಿಡಿದು ಟಿ.30ರ ಸಂಭಾಷಣೆಯವರೆಗೆ ಫ್ಯಾಕ್ಸ್‌ನ ಎಲ್ಲ ಕೆಲಸವೂ ಇದೆ; ಆಸ್ಟರಿಸ್ಕ್‌ನಂಥ ದೂರವಾಣಿ ತಂತ್ರಾಂಶಗಳು ಅದನ್ನು ಬಳಸುತ್ತವೆ. ಅದರ ಒಂದೊಂದು ಸಾಲನ್ನೂ ತೆರೆದು ಓದಬಹುದು, ತಿದ್ದಬಹುದು. 1998ರ ಕಾರ್ಡುಗಳು ಕೊಡದೆ ಹೋದದ್ದು ಇದನ್ನೇ.

ಮುಚ್ಚಿಟ್ಟ ಡ್ರೈವರ್‌ಗಳ ಗತಿ ಏನಾಯಿತೆಂಬುದಕ್ಕೆ 2025ರ ಅಕ್ಟೋಬರ್‌ನಲ್ಲಿ ಒಂದು ನಿದರ್ಶನ ಸಿಕ್ಕಿತು. ಲೂಸೆಂಟ್‌ನ ಎಲ್‌ಟಿ ಮೋಡೆಮ್ ವಂಶದ 'ಎಲ್‌ಟಿಎಂಡಿಎಂ64.ಸಿಸ್' ಎಂಬ ಡ್ರೈವರ್ ವಿಂಡೋಸ್‌ನ ಜೊತೆಗೇ ಬರುತ್ತಿತ್ತು. ಮೋಡೆಮ್ ಇರಲಿ ಬಿಡಲಿ, ಕಡತ ಡಿಸ್ಕಿನಲ್ಲಿ ಇರುತ್ತಿತ್ತು. ಲೂಸೆಂಟ್‌ನ ಚಿಪ್ ವಿಭಾಗ ಅಗೆರೆ ಆಗಿ ಬೇರೆಯಾಯಿತು, ಅಗೆರೆ 2007ರಲ್ಲಿ ಎಲ್‌ಎಸ್‌ಐ ಜೊತೆ ಸೇರಿತು, ಎಲ್‌ಎಸ್‌ಐಯನ್ನು 2014ರಲ್ಲಿ ಅವಾಗೊ ಕೊಂಡಿತು. ಕೈ ಬದಲಾದಂತೆಲ್ಲ ಆ ಕಡತವನ್ನು ತೆರೆದು ರಿಪೇರಿ ಮಾಡುವವರು ಇಲ್ಲವಾದರು. ಅದರಲ್ಲಿದ್ದ ಬಿರುಕಿನ ಮೂಲಕ ಸಾಮಾನ್ಯ ಬಳಕೆದಾರನೊಬ್ಬ ಇಡೀ ಗಣಕದ ಯಜಮಾನಿಕೆ ಪಡೆಯಬಹುದಿತ್ತು, ಮೋಡೆಮ್ ಬಳಕೆಯಲ್ಲಿ ಇರದಿದ್ದರೂ. ದಾಳಿಕೋರರು ಅದನ್ನು ಬಳಸುತ್ತಿದ್ದದ್ದು ತಿಳಿದಾಗ ಮೈಕ್ರೊಸಾಫ್ಟ್ ರಿಪೇರಿಗೆ ಹೋಗದೆ ಕಡತವನ್ನೇ ತೆಗೆದುಹಾಕಿತು. ಆ ನವೀಕರಣ ಹಾಕಿಕೊಂಡ ಗಣಕಗಳಲ್ಲಿ ಆ ಡ್ರೈವರನ್ನು ನಂಬಿದ ಫ್ಯಾಕ್ಸ್ ಮೋಡೆಮ್‌ಗಳು ನಿಂತುಹೋದವು. ಈಗಲೂ ಫ್ಯಾಕ್ಸ್ ಬೇಕಾದ ಕಚೇರಿಗಳಿಗೆ ಉಳಿದಿರುವ ದಾರಿ ಎರಡು: ಸ್ವಂತ ಕಂಟ್ರೋಲರ್ ಇರುವ ಹೊರಗಿನ ಮೋಡೆಮ್ ಹುಡುಕಿ ಕೊಳ್ಳುವುದು, ಅಥವಾ ಟಿ.38 ಬಲ್ಲ ಮುಕ್ತ ತಂತ್ರಾಂಶದ ಮೂಲಕ ಇಂಟರ್ನೆಟ್ ಮೇಲೆಯೇ ಫ್ಯಾಕ್ಸ್ ಕಳಿಸುವುದು.